ದೋಸ್ತ, ಆ ಒಂಬತ್ತು ವರ್ಷ ಎಲ್ಲಿಟ್ಟಿ?

ಬೀದರ್, ರವಿವಾರ ಮುಂಜಾನಿ

ದೋಸ್ತ,

ನಿನ್ನ ಕಾದಂಬರಿ ರಾತ್ರಿ ಕೂತಲ್ಲೇ ಓದಿ ಮುಗಿಸಿದೆ. ಮೊಬೈಲ್‌ನಾಗ ಓದಿದ್ರ ಕಣ್ಣು ಉರಿತಾವ ಅಂತ ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತೆಗೆಸಿದ್ದೆ. ನಾ ಓದಿ ಇಟ್ಟ ಹಾಳಿ ಒಂದೊಂದೇ ಮನ್ಯಾಕಿ ಎತ್ತಿಕೊಂಡು ಓದಿದಳು. ಕಡೀ ಹಾಳಿ ಮುಗಿದ ಮ್ಯಾಲ ತಿರುವಿ ಹಿಂದ ನೋಡಿದಳು, ಎರಡು ಹಾಳಿ ಅಂಟಿಕೊಂಡಾವೇನೋ ಅಂತ ಉಗುರಿಲೆ ಬಿಡಿಸಿ ನೋಡಿದಳು. "ಇಷ್ಟೇನಾ? ಆಕಿ ಮ್ಯಾಲ ಬಂದಳೋ ಇಲ್ಲೋ?" ನಾ ಏನ್ ಹೇಳಲಿ, ಬರದಾಂವ ನೀನು.

ನಿನ್ನ ಕಥಾನಾಯಕ ಈಗಿನ ಕಾಲದಾಗ ನೌಬಾದಿನ ಸುರಂಗ ಬಾವ್ಯಾಗ ಇಳಿದಾಂವ 1472ರಾಗ ಹತ್ತಿ ಬರೋದು ನನಗ ಭಾಳ ಸೇರಿತು. ಮಷೀನಿಲ್ಲ, ಗುಡುಗಿಲ್ಲ. ನೆಲದ ಬುಡಕ ನೀರು ತನ್ನ ಪಾಡಿಗೆ ಇಳಿಜಾರಿಗೆ ಹರಿತದ, ಇಂವ ಮಾತ್ರ ಹಿಂದಕ್ಕ ಹೊಂಟಾನ. ಅಲ್ಲಿ ಇಂವ ಮನಸ್ಸು ಕೊಟ್ಟ ಹುಡುಗಿ, ಆಕಿ ಅಪ್ಪ ಬಿದ್ರಿ ಕೆಲಸದಾಂವ, ಕರೀ ಲೋಹದ ಮ್ಯಾಲ ಬೆಳ್ಳಿ ಕೂಡಿಸಾಂವ, ಕೋಟೆ ಮಣ್ಣು ನಾಲಗಿಗೆ ಹಚ್ಚಿ ರುಚಿ ನೋಡೋದೂ ಛಲೋ ಬಂದದ. ಆದ್ರ ಆಕಿ ರೊಟ್ಟಿ ಜೋಡಿ ಶೇಂಗಾ ಹಿಂಡಿ ಬಡಿಸ್ತಾಳಲ್ಲ, ಅದು ತೆಗಿ. ಶೇಂಗಾ, ಮೆಣಸಿನಕಾಯಿ ಎರಡೂ ಪೋರ್ಚುಗೀಸರು ಬಂದ ಮ್ಯಾಲ ನಮ್ಮ ಕಡೆ ಬಂದದ್ದು, ವಾಸ್ಕೋ ಡ ಗಾಮ ಕಾಲಿಟ್ಟಿದ್ದೇ 1498ರಾಗ. ಅಗಸಿ ಹಿಂಡಿ ಬಡಿಸು, ಖಾರಕ್ಕ ಕರಿಮೆಣಸು ಕುಟ್ಟಿಸು.

ಮದರಸಾದ ಮುಂದಿನ ಆ ಸಂಜಿ ಮಾತ್ರ ಒಂದಕ್ಷರ ಮುಟ್ಟಬ್ಯಾಡ. ಬಹಮನಿ ಸುಲ್ತಾನನ ವಜೀರ ಮಹಮೂದ್ ಗವಾನ್ ಕಟ್ಟಿಸಿದ್ದು ಆಗಷ್ಟೇ ಮುಗಿದದ, ಟೈಲ್ಸಿನ ಬಣ್ಣ ಇನ್ನೂ ಮಾಸಿಲ್ಲ. "ಎರಡು ಮಿನಾರದಾಗ ನಿನಗ ಯಾವುದು ಸೇರಿತು?" ಅಂತ ಆಕಿ ಕೇಳ್ತಾಳ. ಇಂವ ನಮ್ಮಂಗ ಹುಟ್ಟಿದಾಗಿಂದ ಒಂದೇ ಮಿನಾರ ನೋಡಿದಾಂವ. ಇನ್ನೊಂದು 1696ರಾಗ ಮದ್ದು ಸಿಡಿದು, ಮುಂದಿನ ಗ್ವಾಡಿ ಜೋಡಿ ಬಿದ್ದು ಹೋಗ್ಯಾದ. "ಇಲ್ಲದ್ದು" ಅಂತಾನ. ಆಕಿ ಚೇಷ್ಟೆ ಅಂತ ತಿಳಿದು ನಗ್ತಾಳ. ನಾ ಅಲ್ಲಿ ಹಾಳಿ ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ.

ಈಗ ಜಗಳಕ್ಕ ಬರ್ತೀನಿ. ಆಕಿ ತಮ್ಮ ಅದೇ ಮದರಸಾದಾಗ ಓದ್ತಾನ. "ವಜೀರ ಸಾಹೇಬರು ಇರೋತನ ನಮಗೇನು ಚಿಂತಿ" ಅಂತ ಆಕಿ ಮಾತಿಗೊಮ್ಮೆ ಅಂತಾಳ. ಒಂಬತ್ತು ವರ್ಷ ಆದ ಮ್ಯಾಲ, 1481ರಾಗ, ಅದೇ ವಜೀರನ ಮುದ್ರಿ ಇದ್ದ ಸುಳ್ಳು ಪತ್ರ ಸುಲ್ತಾನನ ಕೈಗೆ ಹೋಗ್ತದ, ಸುಲ್ತಾನ ತಲಿ ತೆಗಿಸ್ತಾನ. ಇದು ಇಂವಗ ಗೊತ್ತು, ಸಾಲ್ಯಾಗ ಓದ್ಯಾನ. ಗೊತ್ತಿದ್ದೂ ದಿನಾ ಆಕಿ ಮಾರಿ ನೋಡಿ ಹೂಂ ಅನ್ನಬೇಕು. ಹೇಳಿದ್ರ ಆಕಿ ನಂಬ್ತಾಳೋ, ಇಂವನ್ನೇ ಬೇಹುಗಾರ ಅಂತ ತಿಳೀತಾಳೋ? ಇಷ್ಟು ದೊಡ್ಡ ಸಂಕಟ ನೀ ನಾಕೇ ಸಾಲಿನಾಗ ಮುಗಿಸಿ ಇಂವನ್ನ ಬಾವಿಗೆ ಇಳಿಸಿದಿ. ಯಾಕಷ್ಟು ಅವಸರ ಇತ್ತೋ? ಪ್ರೀತಿ ಅಲ್ಲೇ ಇತ್ತಲ್ಲ.

ಆಕಿ ಬಾವಿ ಮೆಟ್ಟಲಿಗೆ ಕೈ ಹಚ್ಚಿದ್ದಕ್ಕ ಕಥಿ ನಿಲ್ಲಲಿ, ನನ್ನ ತಕರಾರಿಲ್ಲ. ನನಗ ಬೇಕಾಗಿದ್ದು ಅದರ ಹಿಂದಿನ ದಿನಗಳು. ಮನ್ಯಾಕಿ ಇದಕ್ಕ ಒಪ್ಪವಲ್ಲಳು. ಆಕಿಗೆ ಮುಂದಿನದ್ದೇ ಬೇಕು, ಇಬ್ಬರೂ ಈಗಿನ ಬೀದರಿನ ಚೌಬಾರ ಗೋಪುರದ ಹಂತ್ಯಾಕ ಚಾ ಕುಡೀಬೇಕಂತ.

ತಿದ್ದಿದ ಹಾಳಿ ಎಲ್ಲಾ ಕೊರಿಯರ್ ಮಾಡ್ತೀನಿ, ಕಡೀದೊಂದು ಬಿಟ್ಟು. ಅದು ಮನ್ಯಾಕಿ ಹತ್ತಿರ ಅದ. ಮುಂಜಾನಿಂದ ಅಡಗಿ ಮನ್ಯಾಗ ಕೂತು ಅದರ ಬೆನ್ನಿಗೆ ಪೆನ್ಸಿಲ್ಲಿಲೆ ಏನೋ ಬರೀಲತ್ತಾಳ. ನನಗ ತೋರಿಸವಲ್ಲಳು.

ನಿನ್ನ ದೋಸ್ತ