ರೈಲು ನಿಲ್ದಾಣದಲ್ಲಿ ನೆರವಾದ ತಾಯಿಯವರಿಗೆ

ಕಳೆದ ತಿಂಗಳು ದಾವಣಗೆರೆ ರೈಲು ನಿಲ್ದಾಣದಲ್ಲಿ ಅಕ್ಕಿ ಚೀಲ ಎತ್ತುವಾಗ ಸೊಂಟ ಹಿಡಿದುಕೊಂಡು, ನೆಟ್ಟಗೆ ನಿಲ್ಲಲಾಗದೆ ಕಂಬಕ್ಕೊರಗಿದ್ದ ನನಗೆ ನೆರವಾದ, ಸ್ನಾಯು, ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ ನೀಡುವ ಆಸ್ಟಿಯೋಪತಿ ಪದ್ಧತಿ ಕಲಿತ ತಾಯಿಯವರೇ, ನಿಮಗೆ ಹೃತ್ಪೂರ್ವಕ ಕೃತಜ್ಞತೆಗಳು. ಮೈ ಮುಟ್ಟುವ ಮೊದಲೇ ನೀವು ಕಾಲು ಜೋಮು ಹಿಡಿದಿದೆಯೇ, ಮೂತ್ರದ ಹಿಡಿತ ತಪ್ಪಿದೆಯೇ, ಜ್ವರವಿದೆಯೇ ಎಂದು ಕೇಳಿ, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೇ ಹೋಗಬೇಕೆಂದು ಹೇಳಿದಿರಿ. ಆ ಪ್ರಾಮಾಣಿಕತೆಯೇ ನನಗೆ ಎಲ್ಲಕ್ಕಿಂತ ದೊಡ್ಡದು. ಬಳಿಕ ಬಿಗಿದ ಸ್ನಾಯುವಿನ ಮೇಲೆ ಅಂಗೈಯಿಟ್ಟು, ನನ್ನ ಉಸಿರಿಗೆ ತಕ್ಕಂತೆ ಮೆಲ್ಲಗೆ ಒತ್ತುತ್ತಾ, 1874ರಲ್ಲಿ ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ ಆರಂಭಿಸಿದ ಈ ಪದ್ಧತಿಯು ನೋವಿರುವ ಜಾಗವನ್ನಷ್ಟೇ ಅಲ್ಲದೆ ಸುತ್ತಲಿನ ಕೀಲುಗಳನ್ನೂ ಪರೀಕ್ಷಿಸುತ್ತದೆ ಎಂದು ವಿವರಿಸಿದಿರಿ. ಹಾಸಿಗೆ ಹಿಡಿಯಬೇಡಿ, ಸ್ವಲ್ಪ ಸ್ವಲ್ಪವಾಗಿ ನಡೆಯಿರಿ ಎಂಬ ನಿಮ್ಮ ಮಾತಿನಂತೆ ಈಗ ದಿನವೂ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೇನೆ. ಹೆಸರನ್ನೂ ಹೇಳದೆ ರೈಲು ಹತ್ತಿದಿರಿ.