ಮೆಸ್ಸಿ ವಿಷಯವಾಗಿ ಗುಂಪಿನ ಎಲ್ಲರಿಗೂ

ಗೆಳೆಯರೇ, ನಿನ್ನೆಯಿಂದ ಗುಂಪಿನಲ್ಲಿ ಫುಟ್ಬಾಲ್ ಆಟಗಾರ ಮೆಸ್ಸಿ ‘ದುಡ್ಡಿಗಾಗಿ ಬಾರ್ಸಿಲೋನಾ ಕ್ಲಬ್ ಬಿಟ್ಟ’ ಅನ್ನೋ ಫಾರ್ವರ್ಡ್‌ಗಳು ಓಡಾಡ್ತಿವೆ. ದಯವಿಟ್ಟು ಹಾಕಬೇಡಿ, ಅದು ನಿಜವಲ್ಲ.

2021ರ ಜೂನ್ 30ಕ್ಕೆ ಕ್ಲಬ್ಬಿನ ಜೊತೆಗಿನ ಒಪ್ಪಂದ ಮುಗಿದಿತ್ತು. ಅರ್ಧ ಸಂಬಳಕ್ಕೇ ಉಳಿಯೋಕೆ ಮೆಸ್ಸಿ ಒಪ್ಪಿದ್ದರು. ಆದರೆ ಕ್ಲಬ್ಬಿನ ಸಂಬಳದ ಹೊರೆ ಎಷ್ಟು ಬೆಳೆದಿತ್ತೆಂದರೆ, ಸ್ಪೇನಿನ ಲೀಗ್ ಆದ ಲಾ ಲಿಗಾದ ಸಂಬಳ ಮಿತಿಯ ನಿಯಮದ ಪ್ರಕಾರ ಅವರನ್ನು ನೋಂದಾಯಿಸೋದೇ ಆಗಲಿಲ್ಲ. ವರ್ಷಗಟ್ಟಲೆ ಲೆಕ್ಕ ನೋಡದೆ ಖರ್ಚು ಮಾಡಿದವರು ಆಡಳಿತದವರು, ಬೆಲೆ ತೆತ್ತದ್ದು ಆಟಗಾರ. ನನಗಂತೂ ಹಾಗೇ ಅನ್ನಿಸುತ್ತೆ.

ಆಗಸ್ಟ್ 8ರ ವಿದಾಯದ ವಿಡಿಯೋ ನೋಡದವರು ಒಮ್ಮೆ ನೋಡಿ. ಮಾತು ಶುರುವಾಗೋ ಮೊದಲೇ ಅಳು. ಹೆಂಡತಿ ಎದ್ದು ಟಿಶ್ಯೂ ಕೊಡ್ತಾರೆ, ಚಪ್ಪಾಳೆ ನಿಲ್ಲೋದೇ ಇಲ್ಲ. ಮೆಸ್ಸಿ ಈ ಕ್ಲಬ್ಬಿಗೆ 13ರ ಹುಡುಗನಾಗಿ ಬಂದವರು. 2000ದ ಡಿಸೆಂಬರ್‌ನಲ್ಲಿ ಅವರ ಮೊದಲ ಒಪ್ಪಂದದ ಮಾತು ಬರೆದದ್ದೂ ಒಂದು ಕಾಗದದ ನ್ಯಾಪ್ಕಿನ್ ಮೇಲೆಯೇ. ಆಮೇಲೆ 778 ಪಂದ್ಯ, 672 ಗೋಲು.

ಆಮೇಲೆ 2021ರಲ್ಲೇ ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿ ಜೊತೆ ಎರಡು ವರ್ಷದ ಒಪ್ಪಂದವಾಯಿತು, ಅಲ್ಲಿ ಅಂಗಿಯ ಸಂಖ್ಯೆ 30 ಆಗಿತ್ತು. ಗುಂಪಿನ ಚಿತ್ರದಲ್ಲಿ ಮಾತ್ರ ಅವರ ಬಾರ್ಸಿಲೋನಾ ಅಂಗಿಯ 10 ಹಾಗೇ ಇರಲಿ. ಬೇಡ ಅನ್ನೋರು ನನಗೆ ನೇರವಾಗಿ ಬರೆಯಿರಿ.