ನಾರ್ವೆಗೆ ಹೊರಟ ಪ್ರೋಗ್ರಾಮರ್‌ಗಳಿಗೆ ಇಂಗ್ಲಿಷ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಹೊರದೇಶದ ಐಟಿ ಕೆಲಸದ ಬಗ್ಗೆ ನಮ್ಮ ಪತ್ರಿಕೆಗಳ ಉದ್ಯೋಗ ಪುಟಗಳಲ್ಲಿ ಬರುವ ಲೇಖನಗಳು ಹೆಚ್ಚಾಗಿ ವೀಸಾ, ಸಂಬಳ, ಸಂದರ್ಶನ ಇಷ್ಟಕ್ಕೇ ನಿಲ್ಲುತ್ತವೆ. ನಾರ್ವೆಯ ಮಾತು ಬಂದರೆ ‘ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ’ ಎಂಬ ಒಂದು ಸಾಲಿನಲ್ಲಿ ಭಾಷೆಯ ವಿಷಯ ಮುಗಿದುಹೋಗುತ್ತದೆ. ಆ ಸಾಲು ಸುಳ್ಳಲ್ಲ, ಆದರೆ ಪ್ರೋಗ್ರಾಮರ್ ಆಗಿ ಹೋಗುವವರಿಗೆ ಅದು ತಪ್ಪು ಧೈರ್ಯ ಕೊಡುತ್ತದೆ.

ಕಾರಣ ಕೋಡ್‌ನೊಳಗೇ ಇದೆ. ನಾರ್ವೆಯ ಉದ್ಯೋಗ ಮತ್ತು ಕಲ್ಯಾಣ ಇಲಾಖೆ ‘ನಾವ್’ ತನ್ನ ಬಹಳಷ್ಟು ಕೋಡನ್ನು ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ತೆರೆದಿಟ್ಟಿದೆ, ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಬಳಸುವ ಪ್ರೋಗ್ರಾಮಿಂಗ್ ಭಾಷೆ ಕಾಟ್ಲಿನ್‌ನ ಪದಗಳು ಇಂಗ್ಲಿಷಿನವೇ. ಆದರೆ ಅನಾರೋಗ್ಯ ಭತ್ಯೆ, ಅರ್ಜಿ, ಇಲಾಖೆಯ ತೀರ್ಮಾನ ಇಂಥವಕ್ಕೆಲ್ಲ ಕಾನೂನಿನಲ್ಲಿರುವ ನಾರ್ವೇಜಿಯನ್ ಪದಗಳೇ ಕ್ಲಾಸ್, ಫಂಕ್ಷನ್‌ಗಳ ಹೆಸರಾಗಿವೆ. ಹಾಗಿಡುವುದೇ ಸರಿ. ಕಾನೂನಿನ ಒಂದು ಪದವನ್ನು ಮೂವರು ಮೂರು ಬಗೆಯ ಇಂಗ್ಲಿಷಿಗೆ ತಿರುಗಿಸಿದರೆ, ಒಂದೇ ವಸ್ತು ಮೂರು ಹೆಸರಿನಲ್ಲಿ ಕೋಡ್ ತುಂಬ ಓಡಾಡುತ್ತದೆ.

ದತ್ತಾಂಶದಲ್ಲೂ ಆ ದೇಶದ ಪದ್ಧತಿ ತಿಳಿದಿರಬೇಕು. ಅಲ್ಲಿನ ಗುರುತಿನ ಸಂಖ್ಯೆಗೆ 11 ಅಂಕಿ, ಮೊದಲ ಆರು ಜನ್ಮದಿನಾಂಕ. ತಿಂಗಳ 1ರಿಂದ 9ನೇ ತಾರೀಕಿನೊಳಗೆ ಹುಟ್ಟಿದವರ ಸಂಖ್ಯೆ ಸೊನ್ನೆಯಿಂದ ಶುರುವಾಗುವುದರಿಂದ ಇಂಟಿಜರ್ (ಪೂರ್ಣಾಂಕ) ಕಾಲಂನಲ್ಲಿಟ್ಟರೆ ಆ ಸೊನ್ನೆ ಹೋಗಿಬಿಡುತ್ತದೆ. ಅದನ್ನು ಸ್ಟ್ರಿಂಗ್ (ಪಠ್ಯ) ಆಗಿಯೇ ಇಡಬೇಕು. ಅಲ್ಪಾವಧಿಗೆ ಬಂದವರಿಗೆ ಕೊಡುವ ಡಿ-ನಂಬರ್‌ನಲ್ಲಿ ಮೊದಲ ಅಂಕಿಗೆ 4 ಕೂಡಿಸಿರುತ್ತಾರೆ, 15ನೇ ತಾರೀಕು 55 ಎಂದಾಗುತ್ತದೆ. ಇದನ್ನು ಗಮನಿಸದ ಕೋಡ್ ‘ದಿನಾಂಕ ತಪ್ಪು’ ಎಂದು ತಿರಸ್ಕರಿಸುವುದು ಹೊರಗಿನಿಂದ ಬಂದವರನ್ನೇ, ಅಂದರೆ ನಮ್ಮವರನ್ನೂ. ಕೆಲಸದ ಗಡುವನ್ನು ಅಲ್ಲಿ ‘42ನೇ ವಾರ’ ಎಂದು ವಾರದ ಸಂಖ್ಯೆಯಲ್ಲೇ ಹೇಳುವುದು ರೂಢಿ. ವಾರ ಶುರುವಾಗುವುದು ಸೋಮವಾರ, ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿ ಬೀಳುತ್ತದೋ ಅದೇ 1ನೇ ವಾರ. ಹಾಗಾಗಿ 2025ರ ಡಿಸೆಂಬರ್ 29 ಸೇರುವುದು 2026ರ 1ನೇ ವಾರಕ್ಕೆ. ವಾರದ ಸಂಖ್ಯೆಯನ್ನು ಈ ಲೆಕ್ಕದಲ್ಲಿ (ಇದು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ್ದು) ತೆಗೆದುಕೊಂಡು, ವರ್ಷವನ್ನು ಮಾತ್ರ ಮಾಮೂಲಿ ಕ್ಯಾಲೆಂಡರಿನಿಂದ ತೆಗೆದುಕೊಂಡರೆ ವರದಿ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ.

ಇನ್ನು ಕೀಬೋರ್ಡ್. ಅಲ್ಲಿನ ವರ್ಣಮಾಲೆಯಲ್ಲಿ 29 ಅಕ್ಷರ. ಎ-ಇ ಬೆಸೆದದ್ದು, ಗೀಟು ಎಳೆದ ಓ, ತಲೆಯ ಮೇಲೆ ಸೊನ್ನೆ ಇರುವ ಎ, ಈ ಮೂರೂ ಇದೇ ಕ್ರಮದಲ್ಲಿ ಜೆಡ್ ಆದಮೇಲೆ ಬರುತ್ತವೆ. ನಾರ್ವೇಜಿಯನ್ ವಿನ್ಯಾಸದ ಕೀಬೋರ್ಡಿನಲ್ಲಿ ಕರ್ಲಿ ಬ್ರ್ಯಾಕೆಟ್‌ಗೆ ಆಲ್ಟ್‌-ಜಿಆರ್ ಹಿಡಿದು 7 ಮತ್ತು 0, ಸ್ಕ್ವೇರ್ ಬ್ರ್ಯಾಕೆಟ್‌ಗೆ 8 ಮತ್ತು 9 ಒತ್ತಬೇಕು. ದಿನವಿಡೀ ಕೋಡ್ ಬರೆಯುವವರ ಕೈಗೆ ಇದು ಹಿಂಸೆ. ವಿಂಡೋಸ್‌ನಲ್ಲಿ ಯುಎಸ್ ಇಂಟರ್‌ನ್ಯಾಷನಲ್ ವಿನ್ಯಾಸ ಇಟ್ಟುಕೊಂಡರೆ ಬ್ರ್ಯಾಕೆಟ್‌ಗಳು ಇದ್ದಲ್ಲೇ ಇರುತ್ತವೆ, ಆ ಮೂರು ಅಕ್ಷರಗಳು ಆಲ್ಟ್‌-ಜಿಆರ್ ಜೊತೆ ಕ್ರಮವಾಗಿ ಜೆಡ್, ಎಲ್, ಡಬ್ಲ್ಯು ಒತ್ತಿದರೆ ಸಿಗುತ್ತವೆ.

ಹುಡುಕಾಟದ ಕೋಡ್‌ನಲ್ಲಿ ಇನ್ನೊಂದು ಹಳ್ಳವಿದೆ. ಸೊನ್ನೆಯ ಎ ಅಕ್ಷರ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎ ಮತ್ತು ಸೊನ್ನೆ ಎಂದು ಎರಡಾಗಿಯೂ ಇರಬಹುದು. ನಮ್ಮ ‘ಕೊ’ದಲ್ಲಿರುವ ಒತ್ವದ ಕಥೆಯೂ ಇದೇ. ಕಣ್ಣಿಗೆ ಒಂದೇ ಕಂಡರೂ ಹೋಲಿಸಿದಾಗ ಬೇರೆಯಾಗುತ್ತವೆ, ಆದ್ದರಿಂದ ಉಳಿಸುವ ಮೊದಲೇ ಎನ್‌ಎಫ್‌ಸಿ ಎಂಬ, ಒಂದೇ ಸಂಕೇತವಾಗಿ ಬೆಸೆದ ರೂಪಕ್ಕೆ ತರಬೇಕು. ಹುಡುಕಾಟ ಸುಲಭವಾಗಲೆಂದು ಅಕ್ಷರ ಬಿಡಿಸಿ ಮೇಲಿನ ಗುರುತು ಅಳಿಸುವ ಉಪಾಯ ಗೀಟಿನ ಓ ಮೇಲೆ ನಡೆಯುವುದೇ ಇಲ್ಲ, ಯೂನಿಕೋಡ್‌ನಲ್ಲಿ ಅದಕ್ಕೆ ಬಿಡಿಸಿದ ರೂಪವಿಲ್ಲ.

ಭಾಷೆ ಕಲಿಯಲು ಹಣ ಸುರಿಯಬೇಕಿಲ್ಲ. ನಾರ್ವೇಜಿಯನ್ ಭಾಷೆಯ ಎರಡು ಬರವಣಿಗೆಯ ರೂಪಗಳಲ್ಲಿ, ಬೂಕ್‌ಮೋಲ್ ಮತ್ತು ನೀನೊಶ್ಕ್, ಬಹುಪಾಲು ಜನ ಬಳಸುವ ಬೂಕ್‌ಮೋಲ್‌ನಿಂದ ಶುರುಮಾಡಬೇಕು. ಟ್ರೋನ್‌ಹೈಮ್‌ನ ಎನ್‌ಟಿಎನ್‌ಯು ವಿಶ್ವವಿದ್ಯಾಲಯದ ಆನ್‌ಲೈನ್ ಪಾಠಗಳು ಉಚಿತ. ಬೆರ್ಗನ್ ವಿಶ್ವವಿದ್ಯಾಲಯ ಮತ್ತು ನಾರ್ವೆಯ ಭಾಷಾ ಮಂಡಳಿ ನಡೆಸುವ ನಿಘಂಟೂ ಉಚಿತ. ಓದಲು ಸರಳ ಭಾಷೆಯ ಪತ್ರಿಕೆ ‘ಕ್ಲಾರ್ ಟಾಲೆ’ ಇದೆ.

ಪದ ನೆನಪಿಡಲು ‘ಅಂಕಿ’ ಎಂಬ ಫ್ಲ್ಯಾಶ್‌ಕಾರ್ಡ್ ತಂತ್ರಾಂಶವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ಗೆ ಮಾತ್ರ ದುಡ್ಡು. ಮುಖ್ಯವಾಗಿ, ಕಾರ್ಡುಗಳನ್ನು ಟ್ಯಾಬ್‌ನಿಂದ ಬೇರ್ಪಡಿಸಿದ ಯುಟಿಎಫ್-8 ಪಠ್ಯ ಕಡತದಲ್ಲಿ ಬರೆದು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟುಕೊಳ್ಳಬಹುದು. ತಿದ್ದಿ ಮತ್ತೆ ಸೇರಿಸಿದಾಗ ಮೊದಲ ಕಾಲಂ ಅದೇ ಇದ್ದರೆ ಹಳೆಯ ಕಾರ್ಡೇ ತಿದ್ದುಪಡಿಯಾಗುತ್ತದೆ. ನಮ್ಮ ಶ್ರಮ ನಮ್ಮ ಕೈಯಲ್ಲೇ ಉಳಿಯುವ ಉಪಕರಣ ಇದು. ಹೆಚ್ಚಿನವರು ಬಿಟ್ಟುಬಿಡುವುದು ಒಂದೇ ಕಾರಣಕ್ಕೆ: ದಿನಕ್ಕೆ 20 ಹೊಸ ಕಾರ್ಡ್ ಎಂಬ ಮೊದಲೇ ಇರುವ ಮಿತಿಯನ್ನು ಹಾಗೇ ಬಿಟ್ಟರೆ, ಕೆಲವು ವಾರಗಳಲ್ಲಿ ದಿನದ ಪುನರಾವರ್ತನೆ ಇನ್ನೂರರ ಹತ್ತಿರ ಬರುತ್ತದೆ. 8ಕ್ಕೆ ಇಳಿಸಿದರೆ ಆಫೀಸಿನ ದಿನದಲ್ಲೂ ಮುಗಿಯುತ್ತದೆ. ನಾಮಪದವನ್ನು ಒಂಟಿಯಾಗಿ ಹಾಕದೆ ಅದರ ಲಿಂಗ ತೋರಿಸುವ ಚಿಕ್ಕ ಪದದ ಜೊತೆಗೇ ಹಾಕಬೇಕು, ಆಮೇಲೆ ಸೇರಿಸಿಕೊಳ್ಳುವುದು ಇಮ್ಮಡಿ ಕೆಲಸ. ಅರ್ಥವನ್ನು ಕನ್ನಡದಲ್ಲೇ ಬರೆಯಿರಿ.

ವ್ಯಾಕರಣದಲ್ಲಿ ಕ್ರಿಯಾಪದ ನಾನು, ನೀನು, ಅವರು ಎಂದು ಬದಲಾಗುವುದಿಲ್ಲ, ಇದು ದೊಡ್ಡ ನೆಮ್ಮದಿ. ಕನ್ನಡಿಗರು ಎಡವುವುದು ಪದಕ್ರಮದಲ್ಲಿ. ಕ್ರಿಯಾಪದವನ್ನು ಕೊನೆಗೆ ಹೇಳಿ ರೂಢಿಯಾದ ನಮಗೆ ಅದು ಎರಡನೇ ಜಾಗದಲ್ಲೇ ನಿಲ್ಲಬೇಕೆಂಬುದು ಸುಲಭಕ್ಕೆ ಹಿಡಿಯುವುದಿಲ್ಲ. ‘ಇಂದು ಹೋಗುತ್ತೇನೆ ನಾನು’ ಎಂಬ ಮಾದರಿಯ ವಾಕ್ಯಗಳನ್ನೇ ಕಾರ್ಡ್ ಮಾಡಿ ಬಾಯಿಬಿಟ್ಟು ಹೇಳಬೇಕು. ಕಿವಿಯ ಅಭ್ಯಾಸಕ್ಕೆ ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆಯ ರೇಡಿಯೊ ಇರಲಿ. ‘ನಾನು’ ಎನ್ನಲು ಆಸ್ಲೊದವರು ಬಳಸುವ ‘ಯಾಯ್’ ಬೆರ್ಗನ್‌ನಲ್ಲಿ ‘ಎಗ್’ ಆಗುತ್ತದೆ, ಒಂದೇ ಮೀಟಿಂಗಿನಲ್ಲಿ ಎರಡೂ ಕೇಳಿಸುತ್ತವೆ.

ಅಲ್ಲೇ ನೆಲೆಸುವವರಿಗೆ ಪೌರತ್ವಕ್ಕೆ ಮಾತಿನ ಪರೀಕ್ಷೆಯಲ್ಲಿ ಬಿ1 (ಯುರೋಪಿನ ಭಾಷಾ ಅಳತೆಗೋಲಿನಲ್ಲಿ ಮಧ್ಯಮ) ಮಟ್ಟ ಬೇಕೆಂಬ ನಿಯಮ 2022ರ ಅಕ್ಟೋಬರ್ 1ರಿಂದ ಇದೆ. ಉದ್ಯೋಗ ವೀಸಾದಲ್ಲಿ ಹೋದವರು ತರಗತಿಯ ಶುಲ್ಕವನ್ನು ಸಾಮಾನ್ಯವಾಗಿ ತಾವೇ ಕಟ್ಟಬೇಕು. ತಮ್ಮ ಉದ್ಯೋಗ ಪುಟದಲ್ಲಿ ಹೊರದೇಶದ ಕೆಲಸದ ಮಾಹಿತಿ ಕೊಡುವಾಗ ಸಂಬಳದ ಅಂಕಿಯ ಪಕ್ಕದಲ್ಲೇ ಆ ದೇಶ ಕೇಳುವ ಭಾಷಾ ಮಟ್ಟವನ್ನೂ ಪರೀಕ್ಷೆಯ ಹೆಸರನ್ನೂ ಕೊಡಬೇಕೆಂದು ಕೋರುತ್ತೇನೆ. ಟಿಕೆಟ್ ತೆಗೆಯುವ ಆರು ತಿಂಗಳ ಮೊದಲೇ ನಮ್ಮ ಹುಡುಗ ಹುಡುಗಿಯರು ಕಲಿಕೆ ಶುರುಮಾಡಬಹುದು.

– ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು